ಓಕುಳಿ ಬಣ್ಣಕ್ಕೆ ತಿರುಗಿದ ಪರೀಕ್ಷೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ‘ನನಗೆ ಗ್ಯಾಸ್ಟ್ರಿಕ್ ಇದೆ’ ಎಂದೇ ಶುರುವಾಗುತ್ತವೆ. ಗ್ಯಾಸ್ಟ್ರಿಕ್ ಎಂದರೆ ಜಠರಕ್ಕೆ ಸಂಬಂಧಪಟ್ಟದ್ದು ಎಂದಷ್ಟೇ ಅರ್ಥ, ಅದು ಕಾಯಿಲೆಯ ಹೆಸರೇ ಅಲ್ಲ. ಆದರೆ ನಮ್ಮ ಬೆಂಗಳೂರಿನಲ್ಲಿ ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಬೆನ್ನುನೋವು, ಒಮ್ಮೊಮ್ಮೆ ಹೃದಯಾಘಾತ ಕೂಡ ಆ ಹೆಸರು ಹೇಳಿಕೊಂಡೇ ಕ್ಲಿನಿಕ್ಕಿನ ಮೆಟ್ಟಿಲು ಹತ್ತುತ್ತವೆ. ಈ ಸಲ ಮೂರು ಪತ್ರಗಳನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ, ಸಂಪಾದಕರು ಕ್ಷಮಿಸಬೇಕು.

ಪ್ರಶ್ನೆ: ಡಾಕ್ಟರೇ, ನನಗೆ 44 ವರ್ಷ. ಎರಡು ವರ್ಷದಿಂದ ಮೇಲ್ಹೊಟ್ಟೆಯಲ್ಲಿ ಉರಿ. ನಮ್ಮ ತಾಯಿ ಆರು ವರ್ಷದ ಹಿಂದೆ ಜಠರದ ಕ್ಯಾನ್ಸರಿನಿಂದ ತೀರಿಕೊಂಡರು. ಅವರಿಗೂ ಮೊದಲು ಎಲ್ಲರೂ ಗ್ಯಾಸ್ಟ್ರಿಕ್ ಎಂದೇ ಹೇಳುತ್ತಿದ್ದರು. ಹೋದ ತಿಂಗಳು ನನಗೆ ಎಂಡೋಸ್ಕೋಪಿ ಮಾಡಿದರು. ವರದಿಯಲ್ಲಿ ‘ಆಂಟ್ರಲ್ ಗ್ಯಾಸ್ಟ್ರೈಟಿಸ್, ಆರ್‌ಯುಟಿ ಪಾಸಿಟಿವ್’ ಎಂದಿದೆ. ಬಯಾಪ್ಸಿ ವರದಿಯಲ್ಲಿ ಅಟ್ರೋಫಿ, ಮೆಟಾಪ್ಲೇಸಿಯಾ, ಡಿಸ್‌ಪ್ಲೇಸಿಯಾ ಎಂದೆಲ್ಲ ಬರೆದಿದ್ದಾರೆ. ಹದಿನಾಲ್ಕು ದಿನಕ್ಕೆ ಮಾತ್ರೆ ಕೊಟ್ಟರು. ಆರನೇ ದಿನಕ್ಕೆ ಬಾಯೆಲ್ಲ ಕಹಿಯಾಗಿ ಭೇದಿ ಶುರುವಾಯಿತು, ಉರಿಯೂ ತಗ್ಗಿತ್ತು, ನಿಲ್ಲಿಸಿಬಿಟ್ಟೆ. ನಮ್ಮ ಯಜಮಾನರು ‘ಈ ಬ್ಯಾಕ್ಟೀರಿಯಾ ಊರಿಗೆಲ್ಲ ಇರುತ್ತದಂತೆ, ಸುಮ್ಮನಿರು’ ಎನ್ನುತ್ತಾರೆ. ಮಗ ಮೊಬೈಲಿನಲ್ಲಿ ಹುಡುಕಿ, ಇದು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಸಿಗರೇಟಿನ ಜೊತೆಗಿದೆ ಎಂದು ತೋರಿಸಿದ. ಅಂದಿನಿಂದ ನಿದ್ದೆ ಇಲ್ಲ. ಉಳಿದ ಮಾತ್ರೆ ನುಂಗಲೇ? ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕೆ?
– ಹೆಸರು ಬೇಡ, ರಾಜಾಜಿನಗರ

ಉತ್ತರ: ಅಮ್ಮಾ, ಪತ್ರದ ಜೊತೆ ವರದಿಯ ನಕಲು ಇಟ್ಟು ಕಳಿಸಿದ್ದು ಒಳ್ಳೆಯದಾಯಿತು. ಮೊದಲು ಆ ಮೂರು ಪದಗಳ ವಿಷಯ ಮುಗಿಸೋಣ. ಬಯಾಪ್ಸಿ ವರದಿಯ ಕೊನೆಯ ಸಾಲನ್ನು ಇನ್ನೊಮ್ಮೆ ತೆಗೆದು ನೋಡಿ. ಅಟ್ರೋಫಿಗೆ ಮುಂಚೆ ಎರಡಕ್ಷರದ ಒಂದು ಇಂಗ್ಲಿಷ್ ಪದವಿದೆ. ಅದರ ಅರ್ಥ ‘ಇಲ್ಲ’. ಅಟ್ರೋಫಿ ಇಲ್ಲ, ಮೆಟಾಪ್ಲೇಸಿಯಾ ಇಲ್ಲ, ಡಿಸ್‌ಪ್ಲೇಸಿಯಾ ಇಲ್ಲ. ಉದ್ದ ಪದಗಳು ಕಣ್ಣಿಗೆ ರಾಚಿ ಆ ಪುಟ್ಟ ಪದ ನಿಮಗೆ ಕಾಣಿಸಲಿಲ್ಲ. ನಮ್ಮವರು ವರದಿ ಬರೆಯುವ ರೀತಿಯೂ ಹಾಗೇ ಇದೆ, ಇಲ್ಲದ್ದನ್ನೆಲ್ಲ ಪಟ್ಟಿ ಮಾಡಿ ಇರುವವರನ್ನು ಹೆದರಿಸುತ್ತಾರೆ.

ಇರುವುದು ಏನು? ಜಠರದ ಕೆಳಭಾಗದ ಒಳಪದರದಲ್ಲಿ ಉರಿಯೂತ, ಅದಕ್ಕೆ ಕಾರಣವಾದ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಆರ್‌ಯುಟಿ ಪಾಸಿಟಿವ್ ಎಂದರೆ ಏನೆಂದು ನಿಮಗೆ ಯಾರೂ ಹೇಳಿರಲಾರರು. ಹೇಳುತ್ತೇನೆ, ಏಕೆಂದರೆ ಇಷ್ಟು ವರ್ಷ ನೋಡಿದರೂ ನನಗೆ ಬೇಸರ ಬಾರದ ಪರೀಕ್ಷೆ ಅದು. ಎಂಡೋಸ್ಕೋಪಿ ಮಾಡುವಾಗ ಜಠರದ ಒಳಪದರದಿಂದ ಸಾಸಿವೆ ಕಾಳಿಗಿಂತ ತುಸು ದೊಡ್ಡ ಚೂರನ್ನು ಚಿವುಟಿ ತೆಗೆದು ಒಂದು ಹಳದಿ ಲೋಳೆಯ ಗುಳಿಯಲ್ಲಿ ಇಡುತ್ತೇವೆ. ಆ ಲೋಳೆಯಲ್ಲಿ ಯೂರಿಯಾ ಇರುತ್ತದೆ, ಜೊತೆಗೆ ಬಣ್ಣ ಬದಲಿಸುವ ಒಂದು ವಸ್ತು. ಈ ಬ್ಯಾಕ್ಟೀರಿಯಾಕ್ಕೆ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುವ ಕಲೆ ಗೊತ್ತು. ಅಮೋನಿಯಾ ಎಂದರೆ ಕ್ಷಾರ. ಹಸೆಮಣೆಯಲ್ಲಿ ಕೂರಿಸಿ ಆರತಿ ಎತ್ತುವಾಗ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಓಕುಳಿ ಕೆಂಪಾಗುತ್ತದಲ್ಲ, ಇಲ್ಲಿ ನಡೆಯುವುದೂ ಅದೇ ಬಗೆಯ ಕೆಲಸ: ಕ್ಷಾರ ಸೋಕಿದಾಗ ಬಣ್ಣ ತಿರುಗುತ್ತದೆ. ಚೂರಿನ ಸುತ್ತ ಮೊದಲು ಒಂದು ಗುಲಾಬಿ ಉಂಗುರ ಏಳುತ್ತದೆ, ಆಮೇಲೆ ಇಡೀ ಗುಳಿ ಬೀಟ್‌ರೂಟ್ ಬೇಯಿಸಿದ ನೀರಿನ ಹಾಗಾಗುತ್ತದೆ. ಬ್ಯಾಕ್ಟೀರಿಯಾ ತುಂಬ ಇದ್ದರೆ ನಾನು ಕೈಗವಸು ಕಳಚುವುದರೊಳಗೆ ಕೆಂಪು ಕಾಣಿಸಿಕೊಂಡಿರುತ್ತದೆ.

ಜಠರದ ಆಮ್ಲದಲ್ಲಿ ಯಾವ ಜೀವಿಯೂ ಬದುಕದು ಎಂದು ನಾವು ಓದುವಾಗ ಕಲಿಸುತ್ತಿದ್ದರು. ಇದು ಬದುಕುವುದು ಈ ಅಮೋನಿಯಾದ ಬಲದಿಂದಲೇ. ತನ್ನ ಸುತ್ತಲಿನ ಆಮ್ಲವನ್ನು ತಣಿಸಿಕೊಂಡು, ಬುಗುರಿಯ ಮೊಳೆಯಂತೆ ತಿರುಗುತ್ತ ಲೋಳೆಪದರದೊಳಗೆ ಇಳಿದು ಕೂರುತ್ತದೆ. ಒಮ್ಮೆ ಕೂತರೆ ತಾನಾಗಿ ಎದ್ದು ಹೋಗುವುದು ಅಪರೂಪ.

ನಾನು ವಿದ್ಯಾರ್ಥಿಯಾಗಿದ್ದಾಗ ಹುಣ್ಣಿನ ರೋಗಿಗೆ ‘ಖಾರ ಬಿಡಿ, ಹಾಲು ಕುಡಿಯಿರಿ, ಚಿಂತೆ ಮಾಡಬೇಡಿ’ ಎನ್ನುತ್ತಿದ್ದೆವು. ಅದಕ್ಕೂ ಬಗ್ಗದಿದ್ದರೆ ಹೊಟ್ಟೆ ಕೊಯ್ದು ಆಮ್ಲ ಸುರಿಸುವ ನರವನ್ನೇ ಕತ್ತರಿಸುತ್ತಿದ್ದರು. ಅದೇ ಕಾಲಕ್ಕೆ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬಿಬ್ಬರು ವೈದ್ಯರು ಈ ಬ್ಯಾಕ್ಟೀರಿಯಾದ ಬೆನ್ನು ಹತ್ತಿದ್ದರು. 1982ರಲ್ಲಿ ಈಸ್ಟರ್ ರಜೆಗೆಂದು ಪ್ರಯೋಗಾಲಯದ ತಟ್ಟೆಗಳನ್ನು ಮಾಮೂಲಿಗಿಂತ ಹೆಚ್ಚು ದಿನ ಬಿಟ್ಟಿದ್ದರಿಂದ ಅದು ಮೊದಲ ಬಾರಿಗೆ ಬೆಳೆದು ಕಾಣಿಸಿತು. ನಿಧಾನವಾಗಿ ಬೆಳೆಯುವ ಜೀವಿ, ಅಲ್ಲಿಯವರೆಗೆ ಎರಡೇ ದಿನಕ್ಕೆ ತಟ್ಟೆ ಎಸೆಯುತ್ತಿದ್ದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾ ಬೆರೆಸಿದ ದ್ರವವನ್ನು ತಾನೇ ಗಟಗಟನೆ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ, ಬಾಯಿ ವಾಸನೆ. ಎಂಡೋಸ್ಕೋಪಿಯಲ್ಲಿ ಜಠರದ ಉರಿಯೂತ. ಹೆಂಡತಿಗೆ ಮೊದಲೇ ಹೇಳಿರಲಿಲ್ಲವಂತೆ, ಹೇಳಿದ್ದರೆ ಬಿಡುತ್ತಿದ್ದರೇ! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈಗ ನಿಮ್ಮ ಮನೆಯ ವಾದಕ್ಕೆ ಬರೋಣ. ನಿಮ್ಮ ಯಜಮಾನರು ಹೇಳಿದ್ದು ಸುಳ್ಳಲ್ಲ. ಜಗತ್ತಿನ ಹೆಚ್ಚುಕಡಿಮೆ ಅರ್ಧ ಜನರ ಹೊಟ್ಟೆಯಲ್ಲಿ ಇದು ಇದೆ, ನಮ್ಮ ದೇಶದಲ್ಲಿ ಅದಕ್ಕಿಂತ ಹೆಚ್ಚೇ ಇರಬಹುದು. ಬಹುಪಾಲು ಜನರಿಗೆ ಅದು ಇರುವುದು ಗೊತ್ತೂ ಆಗುವುದಿಲ್ಲ. ಸೋಂಕಿರುವ ನೂರು ಜನರಲ್ಲಿ ಹತ್ತು ಹದಿನೈದು ಜನರಿಗೆ ಜೀವಮಾನದಲ್ಲಿ ಯಾವಾಗಲೋ ಹುಣ್ಣಾಗುತ್ತದೆ. ಕ್ಯಾನ್ಸರ್ ಆಗುವುದು ಒಬ್ಬರಿಂದ ಮೂವರಿಗೆ.

ಮಗ ತೋರಿಸಿದ್ದೂ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 1994ರಲ್ಲಿ ಇದನ್ನು ಮೊದಲ ಗುಂಪಿನ ಕ್ಯಾನ್ಸರ್‌ಕಾರಕ ಎಂದು ಘೋಷಿಸಿತು. ತಂಬಾಕು, ಮದ್ಯ ಇರುವುದೂ ಅದೇ ಗುಂಪಿನಲ್ಲಿ. ಆದರೆ ಆ ಗುಂಪು ಅಪಾಯದ ಅಳತೆಯಲ್ಲ, ಸಾಕ್ಷ್ಯದ ಅಳತೆ. ‘ಇದರಿಂದ ಕ್ಯಾನ್ಸರ್ ಬರಬಲ್ಲದು ಎಂಬುದರಲ್ಲಿ ಅನುಮಾನವಿಲ್ಲ’ ಎಂದು ಹೇಳುತ್ತದೆಯೇ ಹೊರತು ಎಷ್ಟು ಜನರಿಗೆ ಬರುತ್ತದೆ ಎಂದು ಹೇಳುವುದಿಲ್ಲ. ಹಾಗೆಂದು ಹಗುರವಾಗಿ ತೆಗೆದುಕೊಳ್ಳುವಂತೆಯೂ ಇಲ್ಲ. ಅನ್ನನಾಳ ಸೇರುವ ಮೇಲಿನ ತುದಿಯನ್ನು ಬಿಟ್ಟು ಜಠರದ ಉಳಿದ ಭಾಗದಲ್ಲಿ ಹುಟ್ಟುವ ಕ್ಯಾನ್ಸರುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟರ ಹಿಂದೆ ಇದೇ ಬ್ಯಾಕ್ಟೀರಿಯಾ ಇದೆ. ಸೋಂಕು ಇರುವವರಲ್ಲಿ ಕ್ಯಾನ್ಸರ್ ಆಗುವವರು ಕೆಲವರೇ, ಆದರೆ ಆ ಕ್ಯಾನ್ಸರ್ ಆದವರಲ್ಲಿ ಸೋಂಕು ಬಹುತೇಕ ಇದ್ದೇ ಇರುತ್ತದೆ. ಯಜಮಾನರು ಮೊದಲರ್ಧ ಹೇಳಿದರು, ಮಗ ಎರಡನೆಯ ಅರ್ಧ ಹೇಳಿದ.

ಉರಿಯೂತದಿಂದ ಕ್ಯಾನ್ಸರಿಗೆ ಹೋಗುವ ದಾರಿ ದಶಕಗಳಷ್ಟು ಉದ್ದ. ಕೊಲಂಬಿಯಾದಲ್ಲಿ ಹುಟ್ಟಿದ ಪೆಲಾಯೋ ಕೊರಿಯಾ ಎಂಬ ರೋಗಶಾಸ್ತ್ರಜ್ಞ ಅದರ ಮೆಟ್ಟಿಲುಗಳನ್ನು ಗುರುತಿಸಿದರು. ಮೊದಲು ವರ್ಷಗಟ್ಟಲೆ ಉರಿಯೂತ. ಆಮೇಲೆ ಆಮ್ಲ ಸುರಿಸುವ ಗ್ರಂಥಿಗಳು ಸೊರಗಿ ಪದರ ತೆಳುವಾಗುತ್ತದೆ, ಇದು ಅಟ್ರೋಫಿ. ಅದಾದ ಮೇಲೆ ಜಠರದ ಪದರ ಕರುಳಿನ ಪದರದ ವೇಷ ಹಾಕತೊಡಗುತ್ತದೆ, ಇದು ಮೆಟಾಪ್ಲೇಸಿಯಾ. ಜೀವಕೋಶಗಳು ಅಂಕೆ ಮೀರತೊಡಗಿದರೆ ಡಿಸ್‌ಪ್ಲೇಸಿಯಾ. ಕೊನೆಗೆ ಕ್ಯಾನ್ಸರ್. ಎಲ್ಲರೂ ಎಲ್ಲ ಮೆಟ್ಟಿಲನ್ನೂ ಹತ್ತುವುದಿಲ್ಲ, ಹೆಚ್ಚಿನವರು ಮೊದಲನೆಯದರಲ್ಲೇ ಕೂತಿರುತ್ತಾರೆ. ಯಾರು ಮುಂದೆ ಹೋಗುತ್ತಾರೆ ಎಂಬುದು ಬ್ಯಾಕ್ಟೀರಿಯಾದ ತಳಿ, ತಂಬಾಕು, ಅತಿಯಾದ ಉಪ್ಪು, ಹೊಗೆಯಲ್ಲಿ ಒಣಗಿಸಿದ ಮಾಂಸ ಮೀನು, ಮನೆತನದ ಗುಣ ಇವೆಲ್ಲದರ ಮೇಲೆ ನಿಂತಿದೆ. ಸೋಂಕು ಇಷ್ಟಿದ್ದರೂ ಭಾರತದಲ್ಲಿ ಒಟ್ಟಾರೆ ಜಠರದ ಕ್ಯಾನ್ಸರ್ ಜಪಾನ್, ಕೊರಿಯಾಗಳಿಗೆ ಹೋಲಿಸಿದರೆ ಬಹಳ ಕಡಿಮೆ; ಇದಕ್ಕೆ ನಮ್ಮ ವೃತ್ತಿಯವರು ‘ಭಾರತದ ಒಗಟು’ ಎಂದೇ ಹೆಸರಿಟ್ಟಿದ್ದಾರೆ. ದೇಶದೊಳಗೂ ಒಂದೇ ಸಮ ಇಲ್ಲ. ಮಿಜೋರಾಂನಲ್ಲಿ ಎಲ್ಲಕ್ಕಿಂತ ಹೆಚ್ಚು. ಅಲ್ಲಿ ತಂಬಾಕಿನ ಹೊಗೆ ಹಾಯಿಸಿದ ನೀರನ್ನೇ ಬಾಯಲ್ಲಿಟ್ಟುಕೊಳ್ಳುವ ರೂಢಿಯಿದೆ. ಉತ್ತರಕ್ಕಿಂತ ನಮ್ಮ ದಕ್ಷಿಣದಲ್ಲಿ ಹೆಚ್ಚು.

ನಿಮ್ಮ ವರದಿ ಮೊದಲ ಮೆಟ್ಟಿಲಿನದು. ಆದರೆ ತಾಯಿಗೆ ಈ ಕ್ಯಾನ್ಸರ್ ಆಗಿತ್ತು ಎಂಬ ಒಂದು ವಾಕ್ಯ ನಿಮ್ಮ ಪತ್ರದಲ್ಲಿದೆ. ಅದಿಲ್ಲದಿದ್ದರೂ ನಾನು ಚಿಕಿತ್ಸೆ ಮುಗಿಸಿ ಎನ್ನುತ್ತಿದ್ದೆ. ಅದಿರುವುದರಿಂದ ಗದರಿ ಹೇಳುತ್ತಿದ್ದೇನೆ. ದಕ್ಷಿಣ ಕೊರಿಯಾದಲ್ಲಿ ನಿಮ್ಮಂಥವರನ್ನೇ, ಅಂದರೆ ಹೆತ್ತವರಿಗೋ ಒಡಹುಟ್ಟಿದವರಿಗೋ ಜಠರದ ಕ್ಯಾನ್ಸರ್ ಆಗಿ ತಮಗೆ ಈ ಸೋಂಕು ಇದ್ದವರನ್ನು, ಒಂಬತ್ತು ವರ್ಷಕ್ಕೂ ಮೀರಿ ಗಮನಿಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯಾಕ್ಕೆ ಔಷಧ ಕೊಟ್ಟ ಗುಂಪಿನಲ್ಲಿ ಕ್ಯಾನ್ಸರ್ ಆದವರು ನೂರಕ್ಕೆ 1.2, ಕೊಡದ ಗುಂಪಿನಲ್ಲಿ 2.7. ತೈವಾನಿನ ಮಾತ್ಸು ದ್ವೀಪಗಳಲ್ಲಿ 2004ರಿಂದ ಊರಿಗೆ ಊರನ್ನೇ ಪರೀಕ್ಷಿಸಿ ಔಷಧ ಕೊಟ್ಟರು, ಅಲ್ಲಿ ಹೊಸ ಜಠರ ಕ್ಯಾನ್ಸರ್ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಅಪಾಯ ಸೊನ್ನೆಗೆ ಇಳಿಯುವುದಿಲ್ಲ, ಆದರೆ ಪದರ ಸೊರಗುವ ಮುಂಚೆ ಔಷಧ ಮಾಡಿದವರಿಗೆ ಲಾಭ ಹೆಚ್ಚು. ನೀವು ಆ ಮುಂಚಿನವರು.

ಇನ್ನು ಆರನೇ ದಿನ ನಿಲ್ಲಿಸಿದ ವಿಷಯ. ಬೈಯುವ ಯೋಗ್ಯತೆ ನನಗಿಲ್ಲ, ಏಕೆಂದರೆ ನಾನೂ ಅದನ್ನೇ ಮಾಡಿದ್ದೇನೆ. ಹದಿನೈದು ವರ್ಷದ ಹಿಂದೆ ನನ್ನ ಹೊಟ್ಟೆಯಲ್ಲೂ ಇದು ಸಿಕ್ಕಿತು. ಒಂಬತ್ತನೇ ದಿನ ಅಕ್ಕನ ಮಗನ ಮದುವೆ. ಎಲೆಯಲ್ಲಿ ಒಬ್ಬಟ್ಟು, ಮೇಲೆ ತುಪ್ಪ. ಬಾಯಿಗಿಟ್ಟರೆ ಹಳೆಯ ಎಂಟಾಣೆ ನಾಣ್ಯ ಚೀಪಿದ ಹಾಗೆ. ಈ ಔಷಧಗಳಲ್ಲಿ ಒಂದೆರಡು ನಾಲಿಗೆಯನ್ನು ಹಾಗೆ ಕೆಡಿಸುತ್ತವೆ ಎಂದು ದಿನಕ್ಕೆ ಹತ್ತು ಜನರಿಗೆ ಹೇಳುವ ನಾನು ಅಂದು ಸಂಜೆಯೇ ಮಾತ್ರೆ ನಿಲ್ಲಿಸಿದೆ. ಒಂಬತ್ತು ದಿನ ಸಾಕು ಎಂದು ನನಗೆ ನಾನೇ ಚೀಟಿ ಬರೆದುಕೊಂಡೆ. ಆರು ವಾರ ಬಿಟ್ಟು ಉಸಿರಿನ ಪರೀಕ್ಷೆ ಮಾಡಿಸಿದರೆ ಪಾಸಿಟಿವ್. ಆಮೇಲೆ ಬಿಸ್ಮತ್ ಸೇರಿಸಿದ ನಾಲ್ಕು ಔಷಧಗಳ ಇನ್ನೊಂದು ಹದಿನಾಲ್ಕು ದಿನ ಅನುಭವಿಸಬೇಕಾಯಿತು. ಅದರಲ್ಲಿ ಮಲ ಇದ್ದಿಲಿನಂತೆ ಕಪ್ಪಗಾಗುತ್ತದೆ. ಆ ಔಷಧದ ಬಣ್ಣವದು, ನಿಮಗೆ ಕೊಟ್ಟರೆ ಹೆದರಬೇಡಿ.

ಅರ್ಧ ಕೋರ್ಸಿನಲ್ಲಿ ಸತ್ತದ್ದು ಬಡಪಾಯಿ ಬ್ಯಾಕ್ಟೀರಿಯಾಗಳು. ಉಳಿದದ್ದು ಔಷಧಕ್ಕೆ ಬಗ್ಗದ ಗಟ್ಟಿ ಪಿಂಡಗಳು. ಆದ್ದರಿಂದ ಡಬ್ಬದಲ್ಲಿ ಉಳಿದ ಎಂಟು ದಿನದ ಮಾತ್ರೆಯನ್ನು ಈಗ ಶುರು ಮಾಡಬೇಡಿ. ಬರೆದುಕೊಟ್ಟ ವೈದ್ಯರ ಬಳಿಗೇ ಹೋಗಿ, ಆರು ದಿನಕ್ಕೆ ನಿಲ್ಲಿಸಿದೆ ಎಂದು ಮುಚ್ಚಿಡದೆ ಹೇಳಿ, ಭೇದಿ ಎಷ್ಟು ಸಲ ಆಯಿತು ಎಂಬುದನ್ನೂ ಹೇಳಿ. ಅವರು ಬಹುಶಃ ಬೇರೆ ಜೋಡಣೆ ಕೊಡುತ್ತಾರೆ. ಆಮ್ಲ ತಗ್ಗಿಸುವ ಮಾತ್ರೆಯನ್ನು ತಿಂಡಿಗೂ ಊಟಕ್ಕೂ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳಿ. ಬಾಯಿ ಕಹಿಯಾದರೆ ನಿಂಬೆಹಣ್ಣಿನ ಚೂರು ಚೀಪಿ, ಹದಿನಾಲ್ಕು ದಿನ ಹೇಗೋ ಕಳೆಯುತ್ತದೆ.

ಮುಗಿದ ಮೇಲೆ, ನೂರಕ್ಕೆ ಎಂಬತ್ತು ಜನ ಮಾಡದೆ ಬಿಡುವ ಕೆಲಸ ಎಂದು ನನಗೆ ಅನಿಸುವ ಒಂದು ಕೆಲಸವಿದೆ: ಬ್ಯಾಕ್ಟೀರಿಯಾ ಹೋಯಿತೇ ಎಂದು ನೋಡುವುದು. ಆಂಟಿಬಯಾಟಿಕ್ ಮುಗಿದು ಕನಿಷ್ಠ ನಾಲ್ಕು ವಾರ ಆಗಿರಬೇಕು, ಆಮ್ಲ ತಗ್ಗಿಸುವ ಮಾತ್ರೆ ಬಿಟ್ಟು ಎರಡು ವಾರ ಆಗಿರಬೇಕು. ಯೂರಿಯಾ ಉಸಿರಿನ ಪರೀಕ್ಷೆ ಅಥವಾ ಮಲದ ಆ್ಯಂಟಿಜೆನ್ ಪರೀಕ್ಷೆ ಸಾಕು, ಮತ್ತೆ ಕೊಳವೆ ನುಂಗಬೇಕಿಲ್ಲ. ಉರಿ ಹೋಯಿತು, ಹಾಗಾದರೆ ಬ್ಯಾಕ್ಟೀರಿಯಾ ಹೋಯಿತು ಎಂದು ಲೆಕ್ಕ ಹಾಕಬೇಡಿ. ಬ್ಯಾಕ್ಟೀರಿಯಾ ಹೋದ ಮೇಲೂ ಉರಿ ಉಳಿಯುವವರು ಬೇಕಾದಷ್ಟು ಜನರಿದ್ದಾರೆ, ಹೋಗದೆಯೂ ಉರಿ ನಿಂತವರಿದ್ದಾರೆ. ನಿಮ್ಮದೇ ಆರನೇ ದಿನ ಅದಕ್ಕೆ ಸಾಕ್ಷಿ.

ಮನೆಯವರ ಪರೀಕ್ಷೆ: ಮೊದಲು ಮಾಡಿಸಬೇಕಾದವರು ನಿಮ್ಮ ಅಣ್ಣತಮ್ಮಂದಿರು, ಅಕ್ಕತಂಗಿಯರು. ಅದೇ ತಾಯಿಯ ಮಕ್ಕಳು, ಅದೇ ಮನೆಯಲ್ಲಿ ಬೆಳೆದವರು. ಯಜಮಾನರು ಮಾಡಿಸಿಕೊಂಡರೆ ಒಳ್ಳೆಯದೇ. ಮಗ ದೊಡ್ಡವನಾಗಿದ್ದರೆ ಮಾಡಿಸಬಹುದು. ತೊಂದರೆಯಿಲ್ಲದ ಚಿಕ್ಕ ಮಕ್ಕಳಿಗೆ ಸುಮ್ಮನೆ ಪರೀಕ್ಷೆ ಮಾಡಿಸಿ ಆಂಟಿಬಯಾಟಿಕ್ ಸುರಿಯುವುದಿಲ್ಲ. ಈ ಸೋಂಕು ಹೆಚ್ಚಾಗಿ ಅಂಟುವುದು ಬಾಲ್ಯದಲ್ಲಿ, ಮನೆಯೊಳಗೇ, ಎಂಜಲಿನಿಂದ, ವಾಂತಿಯಿಂದ, ಕೈ ತೊಳೆಯದ ಊಟದಿಂದ, ಕೊಳಕು ನೀರಿನಿಂದ. ನಮ್ಮ ಅಜ್ಜಿ ‘ಲೋಟ ಕಚ್ಚಬೇಡ, ಎತ್ತಿ ಕುಡಿ’ ಎಂದು ಎಂಜಲು ಮುಸುರೆಯ ಕಟ್ಟುನಿಟ್ಟಿನಲ್ಲಿ ನಮ್ಮನ್ನು ಬೆಳೆಸಿದರು. ಅದೇ ಅಜ್ಜಿ ಹಲ್ಲು ಬಾರದ ಮೊಮ್ಮಕ್ಕಳಿಗೆ ಕೊಬ್ಬರಿ ಸಕ್ಕರೆಯನ್ನು ತಾವೇ ಅಗಿದು ತಿನ್ನಿಸುತ್ತಿದ್ದರು. ನನ್ನ ಹೊಟ್ಟೆಗೆ ಅದು ಎಲ್ಲಿಂದ ಬಂತೆಂದು ಕೇಳಿದರೆ ನನಗೆ ಆ ಕೊಬ್ಬರಿ ಸಕ್ಕರೆಯೇ ನೆನಪಾಗುತ್ತದೆ.

ಪ್ರಶ್ನೆ: ಸರ್, ನನಗೆ 27. ಕಚೇರಿ ವೈಟ್‌ಫೀಲ್ಡಿನಲ್ಲಿ, ಮೂರು ಹೊತ್ತೂ ಹೊರಗಡೆ ಊಟ. ಪೂರ್ಣ ತಪಾಸಣೆಯ ಪ್ಯಾಕೇಜಿನಲ್ಲಿ ರಕ್ತ ಪರೀಕ್ಷೆ ಮಾಡಿ ‘ಎಚ್. ಪೈಲೋರಿ ಐಜಿಜಿ ಪಾಸಿಟಿವ್’ ಎಂದಿದ್ದಾರೆ. ನನಗೆ ಯಾವ ತೊಂದರೆಯೂ ಇಲ್ಲ. ದರ್ಶಿನಿಗಳ ನೀರಿನಿಂದ ಬಂದಿರಬಹುದೇ? ಬೆಳ್ಳುಳ್ಳಿ, ಎಲೆಕೋಸಿನ ರಸ, ಮೊಸರಿನಿಂದ ಹೋಗುತ್ತದೆಯೇ?
– ಒಬ್ಬ ಓದುಗ

ಉತ್ತರ: ನೋಡಪ್ಪ, ಆ ರಕ್ತ ಪರೀಕ್ಷೆ ಹೇಳುವುದು ನಿನ್ನ ದೇಹ ಯಾವತ್ತೋ ಈ ಬ್ಯಾಕ್ಟೀರಿಯಾವನ್ನು ಕಂಡಿತ್ತು ಎಂದಷ್ಟೇ. ಇವತ್ತು ಇದೆಯೇ ಎಂಬುದನ್ನು ಅದು ಹೇಳಲಾರದು, ಸೋಂಕು ಹೋದ ಮೇಲೂ ಆ ಗುರುತು ಬಹುಕಾಲ ರಕ್ತದಲ್ಲಿ ಉಳಿದಿರುತ್ತದೆ. ಅದನ್ನು ಪ್ಯಾಕೇಜಿನಲ್ಲಿ ಸೇರಿಸುವುದು ಏಕೆಂದು ನನಗೂ ಅರ್ಥವಾಗಿಲ್ಲ, ಅಥವಾ ಚೆನ್ನಾಗಿಯೇ ಅರ್ಥವಾಗಿದೆ. ತಿಳಿಯಲೇಬೇಕೆಂದಿದ್ದರೆ ಉಸಿರಿನ ಪರೀಕ್ಷೆ ಮಾಡಿಸು: ಗುರುತು ಹಾಕಿದ ಇಂಗಾಲವಿರುವ ಯೂರಿಯಾ ಕುಡಿದು ಸ್ವಲ್ಪ ಹೊತ್ತು ಕೂತು ಚೀಲಕ್ಕೆ ಊದುವುದು, ಅಷ್ಟೇ. ಬ್ಯಾಕ್ಟೀರಿಯಾ ಇದ್ದರೆ ಆ ಇಂಗಾಲ ಉಸಿರಿನಲ್ಲಿ ಹೊರಬರುತ್ತದೆ. ನಿಜವಾಗಿ ಇದ್ದರೆ ಔಷಧ ಮಾಡು. ದರ್ಶಿನಿಯನ್ನು ದೂರಬೇಡ, ನಿನಗೆ ಅಂಟಿದ್ದು ನಿಕ್ಕರ್ ಹಾಕಿಕೊಂಡು ಓಡಾಡುವ ಕಾಲದಲ್ಲಿ ಇರಬೇಕು. ಬೆಳ್ಳುಳ್ಳಿ, ಕೋಸು, ಮೊಸರು ಸಾರಿಗೂ ಪಲ್ಯಕ್ಕೂ ಅನ್ನಕ್ಕೂ ಒಳ್ಳೆಯವು. ಇದನ್ನು ಬೇರುಸಹಿತ ಕೀಳಲು ಅವುಗಳಿಂದ ಆಗದು.

ಪ್ರಶ್ನೆ: ಮಾನ್ಯರೇ, ವಯಸ್ಸು 67, ನಿವೃತ್ತ. ಗ್ಯಾಸ್ಟ್ರಿಕ್‌ಗಾಗಿ ಒಂಬತ್ತು ವರ್ಷದಿಂದ ದಿನವೂ ಬೆಳಿಗ್ಗೆ ಒಂದು ಮಾತ್ರೆ ಅಂಗಡಿಯಿಂದ ತಂದು ನುಂಗುತ್ತಿದ್ದೇನೆ. ಈಚೆಗೆ ಅದು ಹಿಡಿಯುತ್ತಿಲ್ಲ. ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಊಟ ಕಡಿಮೆಯಾದ್ದರಿಂದ ಸಣ್ಣಗಾಗಿದ್ದೇನೆ, ಬೆಲ್ಟಿಗೆ ಎರಡು ಹೊಸ ತೂತು ಹಾಕಿಸಬೇಕಾಯಿತು. ಇನ್ನೂ ಶಕ್ತಿಯುತವಾದ ಮಾತ್ರೆ ಯಾವುದು, ದಯವಿಟ್ಟು ತಿಳಿಸಿ.
– ಓದುಗರು, ಜಯನಗರ

ಉತ್ತರ: ಹಿರಿಯರೇ, ನೀವು ಕೇಳಿದ ಪ್ರಶ್ನೆಗೆ ನಾನು ಉತ್ತರ ಹೇಳುವುದಿಲ್ಲ. ನೀವು ಕೇಳದೆ ಬಿಟ್ಟದ್ದು ಬೆಲ್ಟಿನ ವಿಷಯ. ಈ ವಯಸ್ಸಿನಲ್ಲಿ ಕಾರಣವಿಲ್ಲದೆ ತೂಕ ಇಳಿದರೆ, ಎರಡು ತುತ್ತಿಗೆ ಹೊಟ್ಟೆ ತುಂಬಿದರೆ, ನುಂಗಲು ಕಷ್ಟವಾದರೆ, ವಾಂತಿ ನಿಲ್ಲದಿದ್ದರೆ, ಬಿಸ್ಮತ್ ಆಗಲಿ ಕಬ್ಬಿಣದ ಮಾತ್ರೆಯಾಗಲಿ ತೆಗೆದುಕೊಳ್ಳದೆಯೇ ಮಲ ಡಾಂಬರಿನಂತೆ ಕಪ್ಪಾದರೆ, ರಕ್ತ ಕಡಿಮೆಯಿದೆ ಎಂದು ಬಂದರೆ, ಅದಕ್ಕೆ ಮಾತ್ರೆ ಬದಲಿಸಿ ನೋಡುವುದಿಲ್ಲ, ಒಳಗೆ ಇಣುಕಿ ನೋಡುತ್ತೇವೆ. ಶಕ್ತಿಯುತವಾದ ಮಾತ್ರೆ ನೋವನ್ನು ಮರೆಸಿ ಇನ್ನೂ ಎರಡು ತಿಂಗಳು ನಿಮ್ಮನ್ನು ಮನೆಯಲ್ಲೇ ಕೂರಿಸೀತು. ಸಾದಾ ಹುಣ್ಣೇ ಇರಬಹುದು, ಹಾಗೇ ಆಗಲಿ ಎಂದು ಹಾರೈಸುತ್ತೇನೆ. ಆದರೆ ಅದನ್ನು ಹೇಳಬೇಕಾದದ್ದು ಎಂಡೋಸ್ಕೋಪಿ, ನಾನಲ್ಲ, ಔಷಧದ ಅಂಗಡಿಯವನೂ ಅಲ್ಲ. ಐದು ಹತ್ತು ನಿಮಿಷದ ಕೆಲಸ. ಗಂಟಲಿಗೆ ಮರಗಟ್ಟುವ ಔಷಧ ಸಿಂಪಡಿಸುತ್ತಾರೆ, ಬೇಕಿದ್ದರೆ ಮಂಪರು ಬರಿಸುತ್ತಾರೆ.

ಇದೇ ವಾರ ಮಾಡಿಸಿ. ಮಗಳನ್ನೋ ಮಗನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಹಿಂದಿನ ರಾತ್ರಿಯ ಊಟದ ನಂತರ ಏನೂ ತಿನ್ನಬೇಡಿ. ಬೆಳಗಿನ ಕಾಫಿಯೂ ಬೇಡ.